ತಲೆಕೆಳಗಾದ ಕಮಾನು

ಬೆಳಗಿನ ಎಂಟು ಗಂಟೆ. ವಿಜಯಪುರದ ಅಥಣಿ ರಸ್ತೆಯ ಬದಿ, ಬೇವಿನ ಮರದ ಬುಡದ ಪಾಟಾ ಅಂಗಡಿಯಲ್ಲಿ ಘನದ ಏಟು ಆಗಲೇ ಶುರುವಾಗಿದೆ. ದೊಡ್ಡ ಏಟು ಹುಡುಗನದು, ಅದರ ಬೆನ್ನಿಗೇ ಬೀಳುವ ಸಣ್ಣ ಏಟು ಮಿಸ್ತ್ರಿ ಚಾಚಾನದು. ಕುಲುಮೆಯಿಂದ ಈಗಷ್ಟೇ ಹೊರಬಂದ ಉಕ್ಕಿನ ಪಟ್ಟಿ ಮಾಗಿದ ಗಜ್ಜರಿಯ ಬಣ್ಣಕ್ಕಿದೆ. ನಾಲ್ಕು ಏಟಿಗೆ ಅದು ಬೆನ್ನು ಬಾಗಿಸುತ್ತದೆ. ಚಾಚಾ ಇಕ್ಕಳದಲ್ಲಿ ಹಿಡಿದು ಒಮ್ಮೆ ಕಣ್ಣಳತೆ ನೋಡಿ ಎಣ್ಣೆಯ ಡ್ರಮ್ಮಿಗೆ ಇಳಿಸುತ್ತಾರೆ. ಚುರ್ ಎಂಬ ಸದ್ದಿನ ಜೊತೆ ಎದ್ದ ಹೊಗೆ ಬೇವಿನ ಎಲೆಗಳ ನಡುವೆ ದಾರಿ ಹುಡುಕುತ್ತ ಮೇಲೇರುತ್ತದೆ.

ಅಂಗಳದಲ್ಲಿ ಮೂರು ಗಾಡಿಗಳಿವೆ. ಒಂದು ಟಾಂಗಾ. ಗೋಳಗುಮ್ಮಟದ ಎದುರು ಪ್ರವಾಸಿಗರನ್ನು ಕಾಯುವ ಟಾಂಗಾಗಳಲ್ಲಿ ಒಂದು. ಕುದುರೆಯನ್ನು ಬಿಚ್ಚಿ ನೆರಳಿಗೆ ಕಟ್ಟಿದ್ದಾರೆ, ಒಂದು ಗಾಲಿಯೂ ಕಳಚಿದೆ. ಎರಡನೆಯದು ದ್ರಾಕ್ಷಿ ಸಾಗಿಸುವ ಪಿಕಪ್, ಹಿಂದೆ ತೊಟ್ಟಿಯ ತುಂಬ ಖಾಲಿ ಕ್ರೇಟು. ಮೂರನೆಯದು ನಮ್ಮದು: ಕಡುನೀಲಿ ಬಣ್ಣದ ಕಾಂಟೆಸ್ಸಾ. ಉದ್ದನೆಯ ಬಾನೆಟ್, ಚಚ್ಚೌಕ ಮುಖ, ಒಂದು ಸಂಸಾರದ ಗಂಟುಮೂಟೆ ನುಂಗುವಷ್ಟು ದೊಡ್ಡ ಡಿಕ್ಕಿ. ಮುಂಭಾಗ ನೆಟ್ಟಗಿದೆ. ಹಿಂಭಾಗ ಮಾತ್ರ ನೀರು ಕುಡಿಯಲು ಮಂಡಿಯೂರಿದ ಎತ್ತಿನಂತೆ ಕುಸಿದಿದೆ.

ಚಾಚಾ ಕೈ ಒರೆಸಿಕೊಳ್ಳುತ್ತ ಬಂದು ಹಿಂದಿನ ಚಕ್ರ ಮತ್ತು ಮಡ್‌ಗಾರ್ಡಿನ ನಡುವೆ ಬೆರಳಿಟ್ಟು ಅಳೆದರು. ಬಲಕ್ಕೆ ನಾಲ್ಕು ಬೆರಳು, ಎಡಕ್ಕೆ ಮೂರು.

‘ಗಾಡಿ ಕುಂತೈತ್ರಿ ಅಣ್ಣಾರ. ಎಬ್ಬಸೂದು ದೊಡ್ಡ ಮಾತಲ್ಲ. ಹೆಂಗ ಎಬ್ಬಸಬೇಕು ಅನ್ನೂದ ಮಾತು.’

ಆ ಒಂದು ಮಾತಿಗೆ ಉತ್ತರ ಹುಡುಕಲು ನಮಗೆ ಒಂದು ತಿಂಗಳು ಹಿಡಿಯಿತು.

*

ಈ ಊರಿನಲ್ಲಿ ಕಮಾನು ಎಂಬ ಪದಕ್ಕೆ ಎರಡು ಬಾಳು. ಹೊರಗಿನಿಂದ ಬಂದವರಿಗೆ ಕಮಾನು ಎಂದರೆ ಬಾರಾ ಕಮಾನ್: ಎರಡನೆಯ ಅಲಿ ಆದಿಲ್‌ಶಾಹಿ ತನಗಾಗಿ ಕಟ್ಟಿಸತೊಡಗಿ, 1672ರಲ್ಲಿ ಆತ ತೀರಿಕೊಂಡ ಮೇಲೆ ಅರ್ಧಕ್ಕೇ ಉಳಿದ ಗೋರಿಯ ಕರಿಕಲ್ಲಿನ ಕಮಾನುಗಳು. ಅಥವಾ 1656ರ ಹೊತ್ತಿಗೆ ಮುಗಿದ ಗೋಳಗುಮ್ಮಟದ ಒಳಗೆ ಒಂದನ್ನೊಂದು ಹಾಯ್ದುಹೋಗುವ ಎಂಟು ಕಮಾನುಗಳು. ಸುಮಾರು 44 ಮೀಟರ್ ಅಗಲದ ಗುಮ್ಮಟವನ್ನು ನಡುವೆ ಒಂದೂ ಕಂಬವಿಲ್ಲದೆ ಹೊತ್ತು ನಿಲ್ಲಿಸಿರುವುದು ಅವೇ. ಆದರೆ ಅಥಣಿ ರಸ್ತೆಯ ಈ ಅಂಗಳದಲ್ಲಿ ಕಮಾನು ಎಂದರೆ ಗಾಡಿಯ ಅಡಿಯಲ್ಲಿ ಕೂತ ಪಾಟಾಗಳ, ಅಂದರೆ ಬಾಗಿದ ಉಕ್ಕಿನ ಪಟ್ಟಿಗಳ, ಕಟ್ಟು. ಉದ್ದನೆಯ ಮೇನ್ ಪಾಟಾ ಮೇಲೆ, ಅದರ ಕೆಳಗೆ ಒಂದಕ್ಕಿಂತ ಒಂದು ಗಿಡ್ಡ. ನಡುವೆ ಸೆಂಟರ್ ಬೋಲ್ಟು, ಎಕ್ಸಲ್ಲಿಗೆ ಬಿಗಿಯಲು ಯು ಬೋಲ್ಟು, ತುದಿಗಳಲ್ಲಿ ಬುಷ್ ಮತ್ತು ಶಾಕಲ್.

ಎರಡೂ ಕಮಾನುಗಳನ್ನು ಮನಸ್ಸಿನಲ್ಲಿ ಅಕ್ಕಪಕ್ಕ ಇಟ್ಟು ನೋಡಿ. ಗುಮ್ಮಟದ ಕಮಾನಿಗೆ ಕಾಲು ನೆಲದ ಮೇಲೆ, ನೆತ್ತಿ ಆಕಾಶಕ್ಕೆ. ಗಾಡಿಯ ಕಮಾನಿಗೆ ಹೊಟ್ಟೆ ಎಕ್ಸಲ್ಲಿನ ಮೇಲೆ, ತುದಿಗಳೆರಡೂ ಮೇಲೆ ಚಾಸಿಗೆ. ಅದು ತಲೆಕೆಳಗಾದ ಕಮಾನು. ಕಲ್ಲಿನ ಕಮಾನು ಭಾರ ಹೊರುವುದು ಅಲುಗದೆ. ಉಕ್ಕಿನ ಕಮಾನು ಭಾರ ಹೊರುವುದು ಅಲುಗಿ, ಬಾಗಿ, ಮತ್ತೆ ಎದ್ದು. ಕಲ್ಲು ಬಾಗಿದರೆ ಕಟ್ಟಡ ಬಿದ್ದೀತು. ಪಾಟಾ ಬಾಗದಿದ್ದರೆ ಗಾಡಿಯೊಳಗಿನ ಜೀವಕ್ಕೆ ಪೆಟ್ಟು.

ಪಿಕಪ್‌ನ ಹುಡುಗ ಬಂದದ್ದು ಇದನ್ನು ಮರೆತು. ‘ಚಾಚಾ, ಇನ್ನೊಂದ ಪಾಟಾ ಏರಸ್ರಿ. ಸೀಜನ್ ಬಂತು, ಲೋಡ ಜಾಸ್ತಿ ಆಗ್ತೈತಿ.’ ಐದು ಪಾಟಾದ ಕಟ್ಟಿಗೆ ಅಷ್ಟೇ ದಪ್ಪದ ಇನ್ನೊಂದು ಏರಿಸಿದರೆ ಬಿಗಿತ ಸುಮಾರು ಐದರಲ್ಲಿ ಒಂದು ಪಾಲು ಹೆಚ್ಚುತ್ತದೆ. ತುಂಬಿದಾಗ ಗಾಡಿ ನೆಟ್ಟಗೆ ನಿಲ್ಲುತ್ತದೆ, ನಿಜ. ಅರ್ಧ ಲೋಡಿಗೆ ಅದೇ ಗಾಡಿ ಕುಪ್ಪಳಿಸುತ್ತದೆ.

‘ತಮ್ಮಾ, ದ್ರಾಕ್ಷಿ ಗೊನಿ ಮಾತಾಡೂದಿಲ್ಲ. ಸಂತ್ಯಾಗ ಬಾಕ್ಸ್ ಬಿಚ್ಚಿದ ಮ್ಯಾಲ ಮಾತಾಡ್ತೈತಿ’ ಎಂದರು ಚಾಚಾ. ದಾರಿಯುದ್ದಕ್ಕೂ ನಡುಗಿದ ಗೊನೆಯಲ್ಲಿ ಕಾಳು ತೊಟ್ಟು ಬಿಡುತ್ತದೆ. ಉದುರಿದ ಕಾಳಿಗೆ ಪೇಟೆಯಲ್ಲಿ ಬೆಲೆಯಿಲ್ಲ. ಹುಡುಗ ಸುಮ್ಮನಾದ. ಚಾಚಾ ಅವನ ಪಾಟಾಗಳನ್ನು ಬಿಚ್ಚಿ, ತುಕ್ಕು ಉಜ್ಜಿ, ಸಂದಿಗೆ ಗ್ರೀಸ್ ಹಚ್ಚಿ, ಸವೆದ ಬುಷ್ ಬದಲಿಸಿ ಅದೇ ಐದನ್ನೇ ಮತ್ತೆ ಕಟ್ಟಿದರು.

*

ಕಾಂಟೆಸ್ಸಾ ಸೋದರಮಾವನದು. ತಿಕೋಟಾದ ದ್ರಾಕ್ಷಿ ಪಡ ಮೊದಲ ಸಲ ಕೈತುಂಬ ಕೊಟ್ಟ ವರ್ಷ ತಂದ ಕಾರು. ಹಿಂದುಸ್ತಾನ್ ಮೋಟಾರ್ಸ್ ಕಂಪನಿ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಅಂಬಾಸಿಡರ್ ಜೊತೆಗೆ 1984ರಿಂದ 2002ರವರೆಗೆ ಕಟ್ಟಿದ ಕಾರಿದು. ಮೈಕಟ್ಟು ಇಂಗ್ಲೆಂಡಿನ ವಾಕ್ಸ್‌ಹಾಲ್ ಕಾರಿನದು. ಮೊದಮೊದಲು ಅಂಬಾಸಿಡರ್ ಜಾತಿಯ 1.5 ಲೀಟರ್ ಎಂಜಿನ್ ಇಷ್ಟು ದೊಡ್ಡ ಮೈಯನ್ನು ಏದುಸಿರು ಬಿಡುತ್ತ ಎಳೆಯುತ್ತಿತ್ತು. ಮುಂದೆ ಜಪಾನಿನ ಇಸುಜು ಕಂಪನಿಯ 1.8 ಲೀಟರ್ ಎಂಜಿನ್ ಬಂದಾಗ 88 ಅಶ್ವಶಕ್ತಿ ಸಿಕ್ಕಿತು, ಐದನೆಯ ಗೇರೂ ಸಿಕ್ಕಿತು. ಉದ್ದನೆಯ ಮೂತಿ, ಹಿಂದಿನ ಚಕ್ರಕ್ಕೆ ಓಟ. ಇವೆರಡನ್ನು ನೋಡಿಯೇ ನಮ್ಮ ಕಾರುಪ್ರಿಯರು ಇದನ್ನು ಭಾರತದ ಮಸಲ್ ಕಾರ್ ಎಂದು ಪ್ರೀತಿಯಿಂದ ಕರೆಯುತ್ತಾರೆ.

ಆ ಹೆಸರೇ ನಮ್ಮನ್ನು ಸ್ವಲ್ಪ ದಿನ ದಾರಿ ತಪ್ಪಿಸಿತು. ಮಾಮಾನ ಮಗನಿಗೆ ಅಮೆರಿಕದ ಮಸಲ್ ಕಾರುಗಳ ಹುಚ್ಚು. 1964ರ ಪಾಂಟಿಯಾಕ್ ಜಿಟಿಓ 6.4 ಲೀಟರಿನ ವಿ8 ಎಂಜಿನ್ನಿನಿಂದ 325 ಅಶ್ವಶಕ್ತಿ ಹೊರಡಿಸುತ್ತಿತ್ತು. ಅದೇ ವರ್ಷ ಬಂದ ಮಸ್ಟಾಂಗ್ ಹಿಂದೆ ಪಾಟಾ ಇಟ್ಟುಕೊಂಡಿತ್ತು. ಅಷ್ಟು ಬಲ ಒಮ್ಮೆಲೇ ಚಕ್ರಕ್ಕೆ ಹರಿದರೆ ಎಕ್ಸಲ್ ತಿರುಚಿಕೊಳ್ಳುತ್ತದೆ, ಪಾಟಾ ಎಸ್ ಆಕಾರಕ್ಕೆ ಮಡಚುತ್ತದೆ, ಟೈರು ನೆಲ ಬಿಟ್ಟು ಕುಣಿಯುತ್ತದೆ. ಆ ಕುಣಿತ ನಿಲ್ಲಿಸಲು ಅಲ್ಲಿನವರು ಬಿಗಿ ಸ್ಪ್ರಿಂಗು, ಎಕ್ಸಲ್ ಹಿಡಿಯುವ ಕಬ್ಬಿಣದ ತೋಳು, ಗಟ್ಟಿ ಬುಷ್ ಹಾಕಿಸುತ್ತಾರೆ. ಆ ರೋಗಕ್ಕೆ ಆ ಔಷಧ ಸರಿ. ನಮ್ಮ 88 ಅಶ್ವಶಕ್ತಿಯ ಕಾರಿಗೆ ಆ ರೋಗವೇ ಇಲ್ಲ. ನಮ್ಮ ರೋಗ ಬೇರೆ: ಹತ್ತಾರು ಹಂಗಾಮು ಡಿಕ್ಕಿಯಲ್ಲಿ ಒಣದ್ರಾಕ್ಷಿಯ ಚೀಲ ಹೊತ್ತು ಕುಸಿದ ಬೆನ್ನು.

ಕಾಂಟೆಸ್ಸಾದ ಹಿಂದೆ ಪಾಟಾ ಇಲ್ಲ. ಒಂದೇ ಗಟ್ಟಿ ಎಕ್ಸಲ್, ಅದನ್ನು ಹಿಡಿದಿಡುವ ಉದ್ದನೆಯ ತೋಳುಗಳು, ಮೇಲೆ ಎರಡು ಸುರುಳಿ ಸ್ಪ್ರಿಂಗು. ಕೆಲವು ವರ್ಷಗಳ ಹಿಂದೆ ಒಂದು ಅಂಗಡಿಯವರು ‘ಐದು ನಿಮಿಷದ ಕೆಲಸ’ ಎಂದು ಸುರುಳಿಯ ಸಂದಿಯಲ್ಲಿ ದಪ್ಪ ರಬ್ಬರಿನ ಬಫರ್ ತುರುಕಿ ಕಳಿಸಿದ್ದರು. ಕಾರು ಕೆಲಕಾಲ ಎದ್ದು ನಿಂತಿತು. ಆದರೆ ರಬ್ಬರ್ ಹಿಡಿದ ಸುತ್ತು ಬಾಗುವುದನ್ನೇ ಬಿಟ್ಟಿತು. ಅಂದಿನಿಂದ ಮಾಮಾನ ಹೆಂಡತಿ, ನನ್ನ ಅತ್ತಿ, ಹಿಂದಿನ ಸೀಟಿನಲ್ಲಿ ಕೂತರೆ ಬಲಗೈಯಿಂದ ಮುಂದಿನ ಸೀಟಿನ ಬೆನ್ನನ್ನು ಬಿಗಿಯಾಗಿ ಹಿಡಿಯತೊಡಗಿದಳು. ಪ್ರತಿ ತಗ್ಗಿಗೂ ಆ ಹಿಡಿತ ಬಿಗಿಯುತ್ತಿತ್ತು. ವರ್ಷಗಟ್ಟಲೆ ಹಿಡಿದು ಹಿಡಿದು ಸೀಟಿನ ರೆಕ್ಸಿನ್ ಮೇಲೆ ನಾಲ್ಕು ಬೆರಳಿನಗಲ ಬಣ್ಣ ಹೋಗಿ, ಒಳಗಿನ ಬಟ್ಟೆಯ ನೂಲು ಕಾಣುತ್ತಿದೆ.

*

ಒಂದು ತಿಂಗಳು ನಮ್ಮ ಮುಂದೆ ಬಂದ ಆಯ್ಕೆಗಳು ಒಂದೆರಡಲ್ಲ. ಒಬ್ಬರು ದಪ್ಪ ತಂತಿಯ ಸ್ಪ್ರಿಂಗ್ ಅಂದರು. ಒಬ್ಬರು ಸುರುಳಿಯೊಳಗೆ ಗಾಳಿಚೀಲ ಕೂರಿಸಿ ಅಂದರು. ಪೇಟೆಯ ಹುಡುಗನೊಬ್ಬ ಸುತ್ತು ಕತ್ತರಿಸಿ ಕಾರನ್ನು ನೆಲಕ್ಕೆ ಇಳಿಸಿದರೆ ನೋಡಲು ಚೆಂದ ಅಂದ. ಇನ್ನೊಬ್ಬರು ಎಲ್ಲವನ್ನೂ ಕಿತ್ತು ಪಿಕಪ್‌ನ ಪಾಟಾ ಬೆಸುಗೆ ಹಾಕಿ, ಜನ್ಮದಲ್ಲಿ ಮತ್ತೆ ನೋಡುವುದು ಬೇಡ ಅಂದರು.

ಚಾಚಾ ಒಂದೊಂದನ್ನೂ ಕೈಯಲ್ಲಿ ಹಿಡಿದು ತೋರಿಸಿದರು. ಸುರುಳಿ ಸ್ಪ್ರಿಂಗಿನ ಬಿಗಿತ ತಂತಿಯ ದಪ್ಪದ ನಾಲ್ಕನೆಯ ಘಾತಕ್ಕೆ ಏರುತ್ತದೆ. 12 ಮಿಲಿಮೀಟರ್ ತಂತಿಯ ಜಾಗದಲ್ಲಿ 13 ಹಾಕಿದರೆ, ಕಣ್ಣಿಗೆ ಕಾಣದ ಆ ಒಂದು ಮಿಲಿಮೀಟರಿಗೆ ಬಿಗಿತ ಶೇಕಡಾ 38 ಹೆಚ್ಚುತ್ತದೆ. ಕತ್ತರಿಸಿದರೆ ಮೆತ್ತಗಾಗುತ್ತದೆ ಎಂದು ಜನ ತಿಳಿಯುತ್ತಾರೆ, ಆಗುವುದು ಅದಕ್ಕೆ ತದ್ವಿರುದ್ಧ. ಎಂಟು ಸುತ್ತಿನಲ್ಲಿ ಒಂದನ್ನು ಕತ್ತರಿಸಿದರೆ ಉಳಿದ ಏಳು ಸುತ್ತು ಶೇಕಡಾ 14ರಷ್ಟು ಬಿಗಿಯಾಗುತ್ತವೆ. ಗ್ಯಾಸ್ ಕಟ್ಟರಿನ ಉರಿ ತಾಗಿದ ಜಾಗದಲ್ಲಿ ಉಕ್ಕು ತನ್ನ ಹದ ಕಳೆದುಕೊಂಡು ಮುಂದೊಂದು ದಿನ ಅಲ್ಲೇ ಮುರಿಯುತ್ತದೆ. ಗಾಳಿಚೀಲ ಭಾರ ಹೊರುವವರಿಗೆ ಉಪಯೋಗಿ. ಆದರೆ ಎಡ ಬಲದ ಗಾಳಿ ಸಮ ಇಡಬೇಕು, ಬೇಸಿಗೆಯ ಕಾವಿನಲ್ಲಿ ದಿನವೂ ನೋಡಬೇಕು. ಪಾಲಿಯುರೇಥೇನ್ ಬುಷ್ ಬಹುಕಾಲ ಬಾಳುತ್ತದೆ, ಆದರೆ ರಸ್ತೆಯ ಪ್ರತಿ ಕಲ್ಲಿನ ಸುದ್ದಿಯನ್ನೂ ಸೀಟಿಗೆ ತಲುಪಿಸುತ್ತದೆ. ಮನೆಮಂದಿ ಕೂರುವ ಕಾರಿಗೆ ರಬ್ಬರ್ ಬುಷ್ಷೇ ಮೇಲು. ಪಾಟಾ ಬೆಸುಗೆಯ ಮಾತಿಗೆ ಕಾನೂನಿನ ಅಡ್ಡಿಯೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು, ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಲು ಬಿಡುವುದಿಲ್ಲ. 50 ವರ್ಷ ತುಂಬಿದ ವಾಹನಕ್ಕೆ ವಿಂಟೇಜ್ ನೋಂದಣಿ ಕೊಡುವ 2021ರ ನಿಯಮವೂ ಮೂಲ ರೂಪ ಉಳಿದಿರಬೇಕು ಎನ್ನುತ್ತದೆ. ಇನ್ನೆರಡು ದಶಕ ಕಾಯ್ದರೆ ಈ ಕಾಂಟೆಸ್ಸಾಗೂ ಆ ಮಾನ ಸಿಗಬಹುದು. ಇಂದಿನ ಅವಸರದಲ್ಲಿ ಅದನ್ನು ಕೆಡಿಸುವುದೇಕೆ?

ಇಷ್ಟೆಲ್ಲ ಆದಮೇಲೆ ಚಾಚಾ ಕೇಳಿದ ಪ್ರಶ್ನೆ ಎಂಜಿನ್ನಿನ ಬಗ್ಗೆ ಇರಲಿಲ್ಲ, ದುಡ್ಡಿನ ಬಗ್ಗೆಯೂ ಇರಲಿಲ್ಲ.

‘ಅಣ್ಣಾರ, ಹಿಂದ ಯಾರು ಕುಂಡ್ರತಾರ್ರಿ?’

ನಾನೂ ಮಾಮಾನ ಮಗನೂ ಮುಖ ನೋಡಿಕೊಂಡೆವು. ತಿಂಗಳಿಡೀ ಸ್ಟಿಯರಿಂಗ್ ಹಿಡಿಯುವವರ ಕಣ್ಣಿನಿಂದಲೇ ಕಾರು ನೋಡಿದ್ದೆವು. ನಾನು ಏನೂ ಹೇಳದೆ ಕಾರಿನ ಹಿಂಬಾಗಿಲು ತೆಗೆದು ಸೀಟಿನ ಬೆನ್ನಿನ ಮೇಲಿನ ಸವೆದ ಗುರುತು ತೋರಿಸಿದೆ. ಚಾಚಾ ಅದರ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತರು.

‘ಹಂಗಾರ ಹೊಸಾದ ಏನೂ ಬ್ಯಾಡ್ರಿ. ಕಂಪನಿ ಕೊಟ್ಟ ಅಳತಿಗೇ ಹೋಗೂಣು.’

ಆಗ ಅವರು ಹೇಳಿಕೊಟ್ಟ ಒಂದು ಸಂಗತಿ ನನಗೆ ಇಂದಿಗೂ ದೊಡ್ಡದು. ಕುಸಿದ ಸ್ಪ್ರಿಂಗ್ ಮೆತ್ತಗಾದದ್ದಲ್ಲ, ಗಿಡ್ಡವಾದದ್ದು. ವರ್ಷಗಳ ಭಾರಕ್ಕೆ ಉಕ್ಕು ತನ್ನ ಎತ್ತರ ಬಿಟ್ಟುಕೊಡುತ್ತದೆ, ಬಿಗಿತ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಆದ್ದರಿಂದ ಅದಕ್ಕೆ ಮದ್ದು ಅದೇ ದಪ್ಪದ ತಂತಿ, ಅಷ್ಟೇ ಸುತ್ತು, ಹುಟ್ಟಿದಾಗಿನ ಉದ್ದ. ಮನುಷ್ಯ ಕೂರುವ ಕಾರು ನಿಮಿಷಕ್ಕೆ 60ರಿಂದ 90 ಬಾರಿ ತೂಗಿದರೆ ದೇಹಕ್ಕೆ ಹಿತ. ನೆಮ್ಮದಿಯಾಗಿ ಕೂತವರ ನಾಡಿಬಡಿತವೂ ಅಷ್ಟೇ ತಾನೆ? ಬಿಗಿತ ಹೆಚ್ಚಿಸುತ್ತ ಹೋದಂತೆ ಆ ತೂಗು ನಡುಕವಾಗುತ್ತದೆ.

‘ಮತ್ತ ಶಾಕಪ್?’ ಎಂದ ಮಾಮಾನ ಮಗ.

‘ಅದ ಮುಖ್ಯ. ಪೆಟ್ಟ ತಿನ್ನೂದು ಸ್ಪ್ರಿಂಗು. ತಿಂದ ಪೆಟ್ಟ ಮರಿಯೂದು ಶಾಕಪ್. ಸ್ಪ್ರಿಂಗ್ ಅಷ್ಟ ಇದ್ದರ ಗೋಳಗುಮ್ಮಟ ಆಗ್ತೈತಿ. ಒಮ್ಮಿ ಕೂಗಿದ್ರ ಏಳ ಸಲ ಮಾತಾಡ್ತೈತಿ.’

ಶಾಕಪ್ಪಿನ ಕೊಳವೆಯೊಳಗೆ ಎಣ್ಣೆ ಸಣ್ಣ ತೂತುಗಳಲ್ಲಿ ನುಸುಳಿ, ಕುಣಿತವನ್ನೆಲ್ಲ ಕಾವಾಗಿ ಬದಲಿಸಿ ಗಾಳಿಗೆ ಬಿಡುತ್ತದೆ. ನಾವು ಹಣ ಕೂಡಿಸಿ ಹಾಕಿದ್ದು ಅಲ್ಲಿಯೇ: ಒಳಗೆ ಅನಿಲ ತುಂಬಿದ, ಸರಿಯಾದ ಉದ್ದದ ಒಳ್ಳೆಯ ಶಾಕಪ್ ಜೋಡಿ. ಅನಿಲದ ಒತ್ತಡವಿದ್ದರೆ ಎಣ್ಣೆ ನೊರೆಯೇಳುವುದು ಕಡಿಮೆ, ಉದ್ದನೆಯ ದಾರಿಯಲ್ಲೂ ಹಿಡಿತ ಸಡಿಲುವುದಿಲ್ಲ.

*

ಅಳತೆ ಕೊಟ್ಟು ಮಾಡಿಸಿದ ಸ್ಪ್ರಿಂಗು ಮೂರು ವಾರಕ್ಕೆ ಬಂತು. ಕೂರಿಸಲು ಅರ್ಧ ದಿನ ಸಾಕಾಯಿತು. ಹಳೆಯ ಸ್ಪ್ರಿಂಗನ್ನು ಹೊಸದರ ಪಕ್ಕ ನಿಲ್ಲಿಸಿದಾಗ ಎರಡು ಬೆರಳಿನಷ್ಟು ಗಿಡ್ಡ. ರಬ್ಬರ್ ಬಫರು ಬಿಸಿಲಿಗೆ ಬಿರಿದು ಕೈಗೆ ಪುಡಿ ಹತ್ತುತ್ತಿತ್ತು. ತೋಳಿನ ಬುಷ್ಷುಗಳನ್ನು ಚಾಚಾ ಕಾರು ನೆಲಕ್ಕಿಳಿಸಿದ ಮೇಲೆಯೇ ಪೂರ್ತಿ ಬಿಗಿದರು. ಜಾಕಿನ ಮೇಲೆ ತೂಗುವಾಗಲೇ ಬಿಗಿದರೆ ರಬ್ಬರ್ ತಿರುಚಿದ ಭಂಗಿಯಲ್ಲೇ ಉಳಿದು ಬೇಗ ಹರಿಯುತ್ತದೆ. ಪಾನಾ ಕೆಳಗಿಟ್ಟು ಡಿಕ್ಕಿಯ ಮೇಲೆ ಎರಡೂ ಅಂಗೈ ಊರಿ ಒತ್ತಿ ಬಿಟ್ಟರು. ಕಾರು ಇಳಿಯಿತು, ಎದ್ದಿತು, ಒಂದು ಸಲ ತಡೆದು ನಿಂತಿತು.

‘ಈಗ ಎರಿ ಹೊಲದ ರೋಡಿಗೆ ಹೋಗ್ರಿ. ಹಿಂದ ಅವ್ವಾರನ್ನ ಕುಂಡ್ರಿಸ್ಕೊಂಡು.’

ಎರೆ ಹೊಲದ ರಸ್ತೆ ಎಂದು ಅವರು ಬೇಕೆಂದೇ ಹೇಳಿದ್ದು. ನಮ್ಮ ಕಡೆಯ ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಅಂಗೈ ಹೋಗುವಷ್ಟು ಬಿರುಕು ಬಿಟ್ಟು ಕುಗ್ಗುತ್ತದೆ. ಅದರ ಮೇಲೆ ಎಷ್ಟು ಚೆಂದದ ಡಾಂಬರು ಹಾಕಿದರೂ ಕೆಲವೇ ವರ್ಷಕ್ಕೆ ರಸ್ತೆ ತೆರೆ ಏಳುತ್ತದೆ. ಕಣ್ಣಿಗೆ ತಗ್ಗು ಕಾಣುವುದಿಲ್ಲ, ಕಾರಿಗೆ ಮಾತ್ರ ತಿಳಿಯುತ್ತದೆ. ಒಂದು ತೆರೆಯ ಕುಣಿತ ಅಡಗುವ ಮೊದಲೇ ಇನ್ನೊಂದು ಎತ್ತುತ್ತದೆ. ಇಂಥ ದಾರಿಗೆ ಬಿಗಿ ಸ್ಪ್ರಿಂಗು ಶತ್ರು, ಒಳ್ಳೆಯ ಶಾಕಪ್ ನೆಂಟ.

ಫೆಬ್ರುವರಿಯ ಬಿಸಿಲು ಇನ್ನೂ ಎಳಸು. ತೊರವಿ ದಾಟಿತು. ಒಂದು ಕಾಲಕ್ಕೆ ಇಬ್ರಾಹಿಂ ಆದಿಲ್‌ಶಾಹಿ ನವರಸಪುರ ಕಟ್ಟಲು ಹೊರಟಿದ್ದು ಈ ಬದಿಗೇ. ಈಗ ಮಹಿಳಾ ವಿಶ್ವವಿದ್ಯಾಲಯದ ಹುಡುಗಿಯರು ಬಸ್ಸಿಗೆ ಕಾಯುತ್ತಾರೆ. ಮುಂದೆ ಮುಂದೆ ಹೋದಂತೆ ಜೋಳದ ಹೊಲದ ನಡುನಡುವೆ ದ್ರಾಕ್ಷಿಯ ಚಪ್ಪರಗಳು, ಆಮೇಲೆ ಬರೀ ಚಪ್ಪರಗಳು. ತಿಕೋಟಾ.

ಅತ್ತಿ ಪಡದಲ್ಲಿದ್ದಳು. ಒಣದ್ರಾಕ್ಷಿ ಶೆಡ್ಡಿನ ಹಸಿರು ಪರದೆಯೊಳಗೆ ತಂಪು ಗಾಳಿ, ಮೇಲಿಂದ ಕೆಳಗೆ ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆ, ಬಲೆಯ ಮೇಲೆ ಹಾಸಿದ ಥಾಮ್ಸನ್ ಗೊನೆ. ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಎಣ್ಣೆಯ ನೀರಿನಲ್ಲಿ ಅದ್ದಿದ್ದರಿಂದ ಕಾಳಿನ ಸಿಪ್ಪೆಯ ಮೇಣ ಬಿಟ್ಟು ತೇವ ಬೇಗ ಹೊರಬೀಳುತ್ತದೆ. ಎರಡು ವಾರದ ಆಸುಪಾಸಿನಲ್ಲಿ ನಾಲ್ಕು ಕಿಲೋ ಹಣ್ಣು ಒಂದು ಕಿಲೋ ಆಗುತ್ತದೆ. ಅತ್ತಿ ಒಂದು ಕಾಳು ಹಿಸುಕಿ ನೋಡಿ, ‘ಇನ್ನ ನಾಕ ದಿನ’ ಎಂದು ಕೈ ತೊಳೆದು ಬಂದಳು. ಬಬಲೇಶ್ವರದ ಬೃಹನ್ಮಠಕ್ಕೆ ಹೋಗಿ ಬರಬೇಕು ಎಂದು ಅವಳು ಹೇಳುತ್ತ ಬಂದು ವರ್ಷವಾಗಿತ್ತು. ಬೆನ್ನುನೋವಿನ ನೆಪದಲ್ಲಿ ಅದು ಮುಂದೆ ಮುಂದೆ ಹೋಗಿತ್ತು.

ತಿಕೋಟಾದಿಂದ ಬಬಲೇಶ್ವರಕ್ಕೆ ಒಳದಾರಿ. ಕೊಯ್ಲಿಗೆ ಬಂದ ಬಿಳಿಜೋಳ ಎರಡೂ ಬದಿ. ಕಾರು ಏಳುತ್ತದೆ, ಇಳಿಯುತ್ತದೆ. ಕಬ್ಬಿನ ಟ್ರ್ಯಾಕ್ಟರು ಕೊರೆದ ಗಾಲಿ ಜಾಡಿಗೆ ಹಿಂದಿನ ಒಂದು ಚಕ್ರ ಇಳಿದಾಗ ಮೊದಲಾಗಿದ್ದರೆ ಧಡ್ ಎನ್ನುತ್ತಿತ್ತು. ಈಗ ಕೆಳಗೆಲ್ಲೋ ಗುಂ ಎಂದು ಕೇಳಿ ಅಲ್ಲೇ ಅಡಗುತ್ತದೆ. ಮಾಮಾನ ಮಗ ಕನ್ನಡಿಯಲ್ಲಿ ಹಿಂದೆ ನೋಡುತ್ತ ನಿಧಾನ ಓಡಿಸುತ್ತಾನೆ. ಅವನು ಈ ಕಾರನ್ನು ಇಷ್ಟು ನಿಧಾನ ಓಡಿಸಿದ್ದನ್ನು ನಾನು ಕಂಡಿರಲಿಲ್ಲ. ಮಠದಲ್ಲಿ ಅತ್ತಿ ಕಾಯಿ ಒಡೆಸಿ, ಪ್ರಸಾದ ಕಟ್ಟಿಸಿಕೊಂಡು, ಕಟ್ಟೆಯ ಮೇಲೆ ಗುರುತಿನವರ ಜೊತೆ ಒಂದು ತಾಸು ಮಾತಾಡಿದಳು. ಬೆನ್ನಿನ ಮಾತು ಎತ್ತಲಿಲ್ಲ.

ಮರಳುವಾಗ ವಿಜಯಪುರದ ರಸ್ತೆ ಹಿಡಿದೆವು. ಚಾಚಾ ಒಮ್ಮೆ ನೋಡಬೇಕು ಎಂದಿದ್ದರು. ಸಾರವಾಡದ ಹತ್ತಿರ ಡೋಣಿ. ಹರಿದ ವರ್ಷ ಓಣಿ ತುಂಬ ಜೋಳ ಕೊಡುವ ಹೊಳೆ ಎಂದು ಹಿರಿಯರು ಹೊಗಳುವ ಇದು, ಬೇಸಿಗೆಯ ಬಾಗಿಲಲ್ಲಿ ಸಣ್ಣ ಗೆರೆಯಾಗಿ ಮಲಗಿತ್ತು. ಸೇತುವೆಯೂ ರಸ್ತೆಯೂ ಕೂಡುವಲ್ಲಿ ಒಂದು ಮೆಟ್ಟಿಲು. ಆ ಮೆಟ್ಟಿಲಿನಲ್ಲಿ ಹಿಂದೆ ಎಷ್ಟೋ ಸಲ ಅತ್ತಿಯ ‘ಅಯ್ಯೋ ಶಿವನ’ ಕೇಳಿದ್ದೇನೆ. ಮುಂದಿನ ಚಕ್ರ ಹತ್ತಿತು. ಹಿಂದಿನ ಚಕ್ರ ಹತ್ತಿತು. ಸ್ಪ್ರಿಂಗು ತಗ್ಗಿತು, ಶಾಕಪ್ ಅದನ್ನು ಮೆಲ್ಲಗೆ ಎತ್ತಿ ಇಟ್ಟಿತು.

ನಾನು ಹಿಂದೆ ತಿರುಗಿದೆ. ಅತ್ತಿ ಕಿಟಕಿಯಾಚೆ ಯಾರದೋ ಕಡಲೆ ಹೊಲ ನೋಡುತ್ತಿದ್ದಳು. ಮುಂದಿನ ಸೀಟಿನ ಬೆನ್ನಿನ ಮೇಲೆ ಆ ಸವೆದ ಗುರುತು ಬರಿದಾಗಿತ್ತು. ಬಲಗೈ ಮಡಿಲಲ್ಲಿತ್ತು, ಪ್ರಸಾದದ ಗಂಟಿನ ಮೇಲೆ.